ಇದು ಯಾರಿಗೆ ಬೇಕು?

ನಮ್ಮ ಚಿಕ್ಕಮ್ಮನ ಮನೆಗೆ ಹೋದವರು ತಮ್ಮ ಚಪ್ಪಲಿಯ ಮೇಲೆ ಒಂದು ಕಣ್ಣಿಟ್ಟಿರಬೇಕು. ನಾನು ತಮಾಷೆಗೆ ಹೇಳುತ್ತಿಲ್ಲ. ವಾರಕ್ಕೊಮ್ಮೆ ಆಕೆ ನಡುಮನೆಯಲ್ಲಿ ನಿಂತು, ಕೈಗೆ ಸಿಕ್ಕಿದ್ದನ್ನು ಮೇಲೆತ್ತಿ, "ಇದು ಯಾರಿಗೆ ಬೇಕು?" ಎಂದು ಮನೆಯೆಲ್ಲ ಮೊಳಗುವಂತೆ ಕೂಗುತ್ತಾಳೆ. "ನನಗೆ" ಎಂದು ಯಾರಾದರೂ ಓಗೊಟ್ಟರೆ ಆ ವಸ್ತು ಬದುಕಿಕೊಂಡಿತು. ಇಲ್ಲದಿದ್ದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಚಿಕ್ಕಪ್ಪನ ಮರದ ಹಿಡಿಯ ಛತ್ರಿ ಹೋದದ್ದು ಹೀಗೆಯೇ. ಅವರು ಬಚ್ಚಲಿನಿಂದ "ನನಗೆ! ನನಗೆ ಬೇಕು!" ಎಂದು ಬಾಯಿ ಬಡಿದುಕೊಂಡರಂತೆ, ನೀರಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಆವತ್ತಿನಿಂದ ಅವರು ಬಚ್ಚಲ ಬಾಗಿಲನ್ನು ಚೂರು ತೆರೆದಿಟ್ಟೇ ಸ್ನಾನ ಮಾಡುತ್ತಾರೆ.

ಇಂಥ ಚಿಕ್ಕಮ್ಮನ ಕೈಗೆ ನಮ್ಮ ಊರಿನ ಪುಟ್ಟ ರೇಡಿಯೋ ನಿಲಯದ ಕಂಪ್ಯೂಟರುಗಳನ್ನೆಲ್ಲ ಒಪ್ಪಿಸಿದ್ದಾರೆ. ಆಕೆ ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದಳು. ಯಾರ ತಂತಿಯನ್ನು ಯಾರ ತಂತಿಗೆ ಸಿಕ್ಕಿಸಬೇಕು ಎನ್ನುವುದೇ ಆಕೆಯ ಕೆಲಸ. ಒಂದು ದಿನ ಎಕ್ಸ್‌ಚೇಂಜಿನ ಎಲ್ಲ ಕೆಲಸವನ್ನೂ ಯಂತ್ರವೇ ಮಾಡತೊಡಗಿತು. ಜೊತೆಯವರೆಲ್ಲ ಕಣ್ಣೊರೆಸಿಕೊಂಡು ಮನೆಗೆ ಹೋದರೆ, ಚಿಕ್ಕಮ್ಮ "ಆ ಯಂತ್ರದ ಹೊಟ್ಟೆ ಒಳಗೆ ಏನಿದೆ ನೋಡೇಬಿಡ್ತೀನಿ" ಎಂದು ಸೆರಗು ಸಿಕ್ಕಿಸಿಕೊಂಡು ಕಂಪ್ಯೂಟರ್ ಕಲಿಯಲು ಕೂತಳು. ಈಗ ನಿಲಯದಲ್ಲಿ ಎಲ್ಲರಿಗೂ ಆಕೆ ಚಿಕ್ಕಮ್ಮನೇ. ಬೆನ್ನ ಹಿಂದೆ ಮಾತ್ರ ಪೊರಕೆಯಮ್ಮ. ನಾನು ಅಲ್ಲೇ ಸೌಂಡ್ ನೋಡಿಕೊಳ್ಳುವವಳು. ಆ ಹೆಸರಿಟ್ಟವಳು ನಾನೇ ಎಂಬುದು ಆಕೆಗೆ ಇನ್ನೂ ಗೊತ್ತಿಲ್ಲ, ಗೊತ್ತಾಗುವುದೂ ಬೇಡ.

ನಮ್ಮ ನಿಲಯದಲ್ಲಿ ಡೈರೆಕ್ಟರಮ್ಮ ಒಬ್ಬರು, ಮ್ಯಾನೇಜರ್ ಒಬ್ಬರು. ಡೈರೆಕ್ಟರಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಮ್ಯಾನೇಜರ್ ಇರುವುದು ಕಂಪ್ಯೂಟರಿನೊಳಗೆ. ಪ್ಯಾಕೇಜ್ ಮ್ಯಾನೇಜರ್ ಎಂದು ಅದರ ಪೂರ್ತಿ ಹೆಸರು. ಚಿಕ್ಕಮ್ಮ ಅದನ್ನು ಮರ್ಯಾದೆಯಿಂದ "ಮ್ಯಾನೇಜರ್ರು" ಎನ್ನುತ್ತಾಳೆ. ಕಂಪ್ಯೂಟರಿಗೆ ಹೊಸ ಸಾಫ್ಟ್‌ವೇರ್ ಪ್ಯಾಕೇಜ್ ಬರಲಿ, ಹಳೆಯದು ಹೋಗಲಿ, ಎಲ್ಲ ಅವರ ಮೂಲಕವೇ ಆಗಬೇಕು. ನಾನು ಹೊಸದಾಗಿ ಸೇರಿದಾಗ ಚಿಕ್ಕಮ್ಮ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪಾಠ ಮಾಡಿದ್ದಳು.

"ನೋಡೇ, ಒಳಗೆ ಬರೋ ಪ್ಯಾಕೇಜನ್ನ ಮ್ಯಾನೇಜರ್ರು ಬಾಗಿಲಲ್ಲೇ ನಿಲ್ಲಿಸಿ ಕೇಳ್ತಾರೆ, ನಿನಗೆ ಯಾರು ಬೇಕಪ್ಪಾ ಅಂತ. ಅದು ಹೇಳುತ್ತೆ, ಇವನಿಲ್ದೆ ಹೋದ್ರೆ ನಾನು ಎದ್ದು ನಿಲ್ಲೋಕೇ ಆಗಲ್ಲ ಅಂತ. ಸರಿ, ಅವನನ್ನೂ ಕರ್ಕೊಂಡು ಬರ್ತಾರೆ. ಆಮೇಲೆ ಇನ್ನೊಂದು ಜಾತಿ ಇದೆ. ಇವನಿದ್ರೆ ಒಳ್ಳೇದು, ಇಲ್ದಿದ್ರೂ ನಡೆಯುತ್ತೆ ಅನ್ನೋದು. ಅವರನ್ನ ಕರೆದ್ರೂ ಆಯ್ತು, ಬಿಟ್ರೂ ಆಯ್ತು."

"ಮದುವೆಗೆ ಕರೆಯೋ ಹಾಗೆ," ಎಂದೆ ನಾನು.

"ಹೂಂ ಕಣೇ. ಈಗ ಒಂದನ್ನ ಹೊರಗೆ ಹಾಕ್ಬೇಕು ಅಂತಿಟ್ಕೋ. ಆವಾಗ ಪ್ರಶ್ನೆ ತಿರುಗಿಸಿ ಕೇಳ್ಬೇಕು. ನಿನಗೆ ಯಾರು ಬೇಕು ಅಂತಲ್ಲ, ನೀನು ಯಾರಿಗೆ ಬೇಕು ಅಂತ. ಯಾರಿಗೂ ಬೇಡ ಅಂತ ಮ್ಯಾನೇಜರ್ರು ಅಂದ್ರೋ, ಗುಡಿಸಿ ಎಸಿ!"

ಹೀಗೆ ಹೇಳುವಾಗ ಆಕೆಯ ಮುಖ ನೋಡಬೇಕಿತ್ತು. ಜೀವನವಿಡೀ ತಾನು ನಡುಮನೆಯಲ್ಲಿ ನಿಂತು ಕೂಗುತ್ತಿದ್ದ ಪ್ರಶ್ನೆಯನ್ನೇ ಯಂತ್ರವೊಂದು ಕೇಳುತ್ತದೆ ಎಂದು ತಿಳಿದ ದಿನ ಆಕೆಗೆ ಅಣ್ಣನೊಬ್ಬ ಸಿಕ್ಕಷ್ಟು ಸಂತೋಷವಾಗಿತ್ತಂತೆ. ಆದರೆ ಆ ಅಣ್ಣ ಆಕೆಗಿಂತ ಮೆತ್ತಗಿನವನು. ಯಾವುದೋ ಒಂದು ಪ್ಯಾಕೇಜ್ "ಇದ್ದರೆ ಒಳ್ಳೆಯದು" ಎಂದು ಬಾಯಿಮಾತಿಗೆ ಅಂದಿದ್ದರೂ ಸಾಕು, ಮ್ಯಾನೇಜರ್ರು ಅದನ್ನು ಲೆಕ್ಕಕ್ಕೆ ಹಿಡಿದು ಉಳಿಸಿಕೊಳ್ಳುತ್ತಿದ್ದರು. ಚಿಕ್ಕಮ್ಮನಿಗೆ ಅದನ್ನು ಸಹಿಸಲಾಗಲಿಲ್ಲ. ಇಂಥ ಅರೆಮನಸ್ಸಿನ ನಂಟುಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ತನ್ನ ಕೈಗೆ ಬಂದ ಯಂತ್ರಗಳಲ್ಲೆಲ್ಲ ಸೆಟ್ಟಿಂಗ್ ಬದಲಿಸಿಬಿಟ್ಟಳು. "ಬೇಕು ಅಂದ್ರೆ ಬೇಕು, ಬೇಡ ಅಂದ್ರೆ ಬೇಡ. ಇದ್ರೆ ಒಳ್ಳೇದು ಅಂದ್ಕೊಂಡೇ ನಿಮ್ಮ ಚಿಕ್ಕಪ್ಪ ಅಟ್ಟ ತುಂಬಿಸಿದ್ದು," ಎಂದಳು.

ಈಗ ಗಂಟಲಣ್ಣನ ವಿಷಯ ಹೇಳಬೇಕು. ಹೇಳಲು ಹೊರಟರೆ ನನಗೆ ಈಗಲೂ ಕೂತಲ್ಲಿ ಕೂರಲಾಗುವುದಿಲ್ಲ!

ನಮ್ಮ ನಿಲಯದ ಫುಟ್‌ಬಾಲ್ ವೀಕ್ಷಕ ವಿವರಣೆ ಎಂದರೆ ಗಂಟಲಣ್ಣ, ಗಂಟಲಣ್ಣ ಎಂದರೆ ವೀಕ್ಷಕ ವಿವರಣೆ. ಅವರು "ಗೋಲ್" ಎಂದು ಎಳೆದರೆ ಅದು ಮುಗಿಯುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿರುತ್ತಿತ್ತು. ಕುರುಡರೂ ಅವರ ದನಿಯಲ್ಲಿ ಪಂದ್ಯ ನೋಡಿದ್ದಾರೆ. ಅಂಥವರ ಗಂಟಲಿಗೇ ಗಡ್ಡೆ ಬಂತು. ಆಪರೇಷನ್ ಆಗಿ ಜೀವ ಉಳಿಯಿತು, ದನಿ ಹೋಯಿತು. ಅವರನ್ನು ಆ ಹೆಸರಿನಿಂದ ಕರೆಯಲು ನಮಗೆಲ್ಲ ನಾಲಿಗೆ ಏಳದೆ, ಒಂದಷ್ಟು ದಿನ ಸಾರ್, ಗೀರ್ ಎಂದು ತಡವರಿಸಿದೆವು. ಅವರೇ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದರು: "ನಾನಿನ್ನೂ ಗಂಟಲಣ್ಣನೇ. ಸಾರ್ ಅಂದವರಿಗೆ ಒದೆ ಬೀಳುತ್ತೆ."

ಅವರ ದನಿಯನ್ನು ಮತ್ತೆ ಕಟ್ಟಿಕೊಟ್ಟವಳು ನಮ್ಮ ಪೊರಕೆಯಮ್ಮ. ನಿಲಯದಲ್ಲಿದ್ದ ಹಳೆಯ ಪಂದ್ಯಗಳ ರೆಕಾರ್ಡಿಂಗನ್ನೆಲ್ಲ ಕೇಳಿ, ತುಂಡು ಮಾಡಿ, ಯಂತ್ರಕ್ಕೆ ಉಣಿಸಿ, ತಿಂಗಳುಗಟ್ಟಲೆ ಕೂತು ಆ ದನಿಯದೇ ಒಂದು ಪ್ಯಾಕೇಜ್ ಮಾಡಿದಳು. ಟೈಪ್ ಮಾಡಿದ್ದನ್ನು ಓದಿ ಹೇಳುವ ಸಾಫ್ಟ್‌ವೇರ್ ಇರುತ್ತದಲ್ಲ, ಅದಕ್ಕೆ ಈ ದನಿಯನ್ನು ಸೇರಿಸಿದರೆ ಗಂಟಲಣ್ಣನೇ ಮಾತಾಡಿದ ಹಾಗಾಗುತ್ತಿತ್ತು. ಒಂದೇ ಒಂದು ಐಬೆಂದರೆ, ಕಲಿತದ್ದೆಲ್ಲ ಪಂದ್ಯದ ದನಿ. ಹಾಗಾಗಿ "ಟೀ ಕುಡಿಯೋಣ" ಎಂದು ಟೈಪ್ ಮಾಡಿದರೂ ಪೆನಾಲ್ಟಿ ಹೊಡೆತದ ಹೊತ್ತಿನ ಅಬ್ಬರದಲ್ಲೇ ಕೇಳುತ್ತಿತ್ತು. ಮೊದಲ ಸಲ ಅದನ್ನು ಕೇಳಿದಾಗ ಗಂಟಲಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು, ಆಮೇಲೆ ಅಳಲು ಶುರುಮಾಡಿದರು. ನಾವೂ ಅತ್ತೆವು.

ಬೇಗ ಬೇಗ ಟೈಪ್ ಮಾಡುವುದನ್ನು ಕಲಿಯಲೆಂದು ಚಿಕ್ಕಮ್ಮ ಅವರಿಗೆ ಅಭ್ಯಾಸದ ಪ್ಯಾಕೇಜ್ ಒಂದನ್ನು ಮಾಡಿಕೊಟ್ಟಳು. ಅದನ್ನು ಹಾಕಿದರೆ ಆ ದನಿಯೂ ಅದರ ಬೆನ್ನು ಹಿಡಿದು ತಾನಾಗಿ ಬರುತ್ತಿತ್ತು. ಮನೆಯಲ್ಲಿ ಕಲಿಯಲಿ ಎಂದು ಒಂದು ಹಳೆಯ ಕಂಪ್ಯೂಟರ್ ಡಬ್ಬಿಗೂ, ನಿಲಯದ ಲ್ಯಾಪ್‌ಟಾಪಿಗೂ ಅದನ್ನು ಹಾಕಿದಳು. ಸ್ವಲ್ಪ ಕಾಲದಲ್ಲೇ ಗಂಟಲಣ್ಣನಿಗೆ ಮನೆಯ ಡಬ್ಬಿ ಬೇಡವಾಯಿತು. "ಮನೇಲಿ ಯಂತ್ರ ಬೇಡ. ಮನೇಲಿ ನನ್ನ ಸನ್ನೆ ಅರ್ಥ ಆಗುತ್ತೆ," ಎಂದು ಬರೆದು ತೋರಿಸಿದರು. ಡಬ್ಬಿಯನ್ನು ವಾಪಸ್ ತರಲು ಚಿಕ್ಕಮ್ಮ ಹೋದಾಗ ಅವರ ಹೆಂಡತಿ, ನಾವೆಲ್ಲ ಅತ್ತಿಗೆ ಎನ್ನುವವರು, "ಇರ್ಲಿ ಬಿಡಿ ಅಕ್ಕಾ, ಮೂಲೇಲಿ ಬಿದ್ದಿರುತ್ತೆ," ಎಂದರಂತೆ. ಚಿಕ್ಕಮ್ಮ ಬರಿಗೈಯಲ್ಲಿ ಬಂದು ಒಂದು ವಾರ ಗೊಣಗಿದ್ದಳು.

ಆ ವರ್ಷದ ಫೈನಲ್ ಬಂತು. ನಮ್ಮ ಗಿರಣಿ ತಂಡಕ್ಕೂ ಹೊಳೆಯಾಚೆಯವರಿಗೂ ಪಂದ್ಯ! ಗಂಟಲಣ್ಣ ಮತ್ತೆ ಮೈಕಿನ ಮುಂದೆ ಕೂರುತ್ತಾರೆಂದು ಡೈರೆಕ್ಟರಮ್ಮ ವಾರದಿಂದ ರೇಡಿಯೋದಲ್ಲಿ ಹೇಳಿಸಿದ್ದರು. ಗಂಟಲಣ್ಣ ಕೀಲಿಮಣೆಯ ಒಂದೊಂದು ಕೀಲಿಗೆ ಒಬ್ಬೊಬ್ಬ ಆಟಗಾರನ ಹೆಸರು ಹೊಂದಿಸಿಕೊಂಡು, ಹಳೆಯ ಪಂದ್ಯಗಳನ್ನು ಹಾಕಿಕೊಂಡು, ಬೆರಳು ನೋಯುವವರೆಗೆ ತಯಾರಿ ಮಾಡಿದ್ದರು. ಈ ಸಲ ಆಗದಿದ್ದರೆ ಇನ್ನು ಮೇಲೆ ಆ ಕುರ್ಚಿ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಎಂದು ಡೈರೆಕ್ಟರಮ್ಮ ಬೇಸರದಿಂದಲೇ ಹೇಳಿದ್ದರು. ಪಿ.ಟಿ. ಮೇಷ್ಟ್ರು ಒಳ್ಳೆಯ ಮನುಷ್ಯ. ಆದರೆ ಅವರು ಪಂದ್ಯ ವಿವರಿಸಿದರೆ ಹಾಜರಿ ಕೂಗಿದ ಹಾಗಿರುತ್ತದೆ.

ಪಂದ್ಯದ ದಿನ ಮಧ್ಯಾಹ್ನ ಊಟ ಮುಗಿಸಿ ಮೈದಾನಕ್ಕೆ ಹೋದೆವು. ಗ್ಯಾಲರಿಯ ನೆತ್ತಿಯ ಮೇಲೆ ಮರದ ಹಲಗೆಯ ಒಂದು ಗೂಡು, ಅದೇ ನಮ್ಮ ಕಾಮೆಂಟರಿ ಬಾಕ್ಸ್. ಕೆಳಗೆ ಜನವೋ ಜನ. ಪೀಪಿ, ಡೋಲು, ಬಾವುಟ! ನಾನು ತಂತಿಗಳನ್ನೆಲ್ಲ ಸಿಕ್ಕಿಸಿ, ಹೆಡ್‌ಫೋನ್ ಹಾಕಿಕೊಂಡು ಗಂಟಲಣ್ಣನಿಗೆ ಬೆರಳು ತೋರಿಸಿದೆ. ಅವರು ಅಂಗೈ ಉಜ್ಜಿಕೊಂಡು ಪರೀಕ್ಷೆಗೆಂದು "ನಮಸ್ಕಾರ ಸ್ನೇಹಿತರೇ" ಎಂದು ಟೈಪ್ ಮಾಡಿದರು.

ಹೆಡ್‌ಫೋನಿನಲ್ಲಿ ಯಾವಳೋ ಒಬ್ಬಳು, ರೈಲು ತಡವಾಗಿ ಬರುತ್ತದೆ ಎನ್ನುವ ಧಾಟಿಯಲ್ಲಿ, "ನಮಸ್ಕಾರ, ಸ್ನೇಹಿತರೇ," ಎಂದಳು.

ಗಂಟಲಣ್ಣ ಇನ್ನೊಮ್ಮೆ ಒತ್ತಿದರು. ಅದೇ ಹೆಂಗಸು. ಅವರು ಕೈಗಳನ್ನು ಕೀಲಿಮಣೆಯಿಂದ ಎತ್ತಿ ಮಡಿಲಲ್ಲಿಟ್ಟುಕೊಂಡರು. ಆಮೇಲೆ ಫೋನಿನಲ್ಲಿ ಬರೆದು ನಮ್ಮತ್ತ ತಿರುಗಿಸಿದರು: "ಇದು ನಾನಲ್ಲ. ಬೇರೆಯವರ ಗಂಟಲಲ್ಲಿ ನಾನು ಕೂಗಲ್ಲ." ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ.

ಚಿಕ್ಕಮ್ಮ ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. ಬಗ್ಗಿದವಳು ಹಾಗೆಯೇ ಕಲ್ಲಾದಳು.

"ಬೆಳಿಗ್ಗೆ ಗುಡಿಸಿದೆ ಕಣೇ," ಎಂದಳು.

ಆದದ್ದಿಷ್ಟು. ಹೊರಗೆ ಒಯ್ಯುವ ಯಂತ್ರ ಹಗುರಾಗಿರಲಿ ಎಂದು ಆಕೆ ಬೆಳಿಗ್ಗೆ ಲ್ಯಾಪ್‌ಟಾಪನ್ನು ಚೊಕ್ಕ ಮಾಡಿದ್ದಳು. ಗಂಟಲಣ್ಣ ಕಲಿತಾಯಿತು, ಇನ್ನು ಅಭ್ಯಾಸದ ಪ್ಯಾಕೇಜ್ ಏಕೆ ಎಂದು ಮೊದಲು ಅದನ್ನು ತೆಗೆದಳು. ಆಗ ಮ್ಯಾನೇಜರ್ರು, ಅದರ ಬೆನ್ನು ಹಿಡಿದು ಬಂದ ಕೆಲವು ಪ್ಯಾಕೇಜುಗಳು ಅನಾಥವಾಗಿವೆ, ತೆಗೆದುಬಿಡಲೇ ಎಂದು ಕೇಳಿದರು. ಯಾರಿಗೆ ಬೇಕು ಎಂದು ಈಕೆ ತಿರುಗಿಸಿ ಕೇಳಿದಳು. ಯಾರಿಗೂ ಬೇಡ ಎಂಬ ಉತ್ತರ ಬಂತು. ಅದು ಸುಳ್ಳೇನಲ್ಲ. ಓದಿ ಹೇಳುವ ಸಾಫ್ಟ್‌ವೇರಿಗೆ ಇಂಥದ್ದೇ ದನಿ ಬೇಕೆಂಬ ಹಟವಿಲ್ಲ, ತನ್ನದೇ ಒಂದು ಮಾಮೂಲಿ ದನಿ ಇಟ್ಟುಕೊಂಡಿರುತ್ತದೆ. ಗಂಟಲಣ್ಣನ ದನಿ ಅದಕ್ಕೆ "ಇದ್ದರೆ ಒಳ್ಳೆಯದು" ಅಷ್ಟೇ. ಅಂಥವರ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಅಪ್ಪಣೆ ಕೊಟ್ಟವಳು ಚಿಕ್ಕಮ್ಮನೇ. ಪ್ಯಾಕೇಜಿಗೆ ಆಕೆ ಯಾವುದೋ ಒಣ ಹೆಸರಿಟ್ಟಿದ್ದರಿಂದ ಕಣ್ಣಿಗೂ ಬೀಳಲಿಲ್ಲ. ಹೂಂ ಎಂದು ಒತ್ತಿದ್ದಾಳೆ.

"ಸರಿ, ನಿಲಯದಲ್ಲಿ ಇನ್ನೊಂದು ಪ್ರತಿ ಇರುತ್ತಲ್ಲ!" ಎಂದು ನಾನು ರೇಗಿದೆ.

"ಅಲ್ಲೂ ಗುಡಿಸಿದೆ."

"ಅಯ್ಯೋ, ಬ್ಯಾಕಪ್ಪು?"

"ರೆಕಾರ್ಡಿಂಗಿಗೆ ಬ್ಯಾಕಪ್ ಇದೆ. ಪ್ಯಾಕೇಜಿಗೆ ಯಾರು ಇಡ್ತಾರೆ? ಬೇಕಾದಾಗ ಇಂಟರ್ನೆಟ್ಟಿಂದ ತರಬಹುದು ಅಂತ ಬಿಟ್ಟಿದ್ದೆ. ಇದು ನಾನೇ ಮಾಡಿದ್ದು ಅನ್ನೋದು ತಲೆಗೇ ಹೊಳೀಲಿಲ್ಲ ಕಣೇ. ಮತ್ತೆ ಕಟ್ಬೇಕು ಅಂದ್ರೆ ತಿಂಗಳು ಬೇಕು."

ನನಗೆ ಆಕೆಯ ಮೇಲೆ ಎಷ್ಟು ಕೋಪ ಬಂತೆಂದರೆ, ದೊಡ್ಡವಳು ಎನ್ನುವುದನ್ನೂ ನೋಡದೆ ಕೂಗಾಡಿಬಿಡುತ್ತಿದ್ದೆ. ಆದರೆ ಆಕೆಯ ಕಣ್ಣು ತುಂಬಿಕೊಂಡಿತ್ತು. ಎಕ್ಸ್‌ಚೇಂಜ್ ಮುಚ್ಚಿದಾಗಲೂ ಅಳದ ಹೆಂಗಸು. ನನ್ನ ಕೋಪ ಅರ್ಧಕ್ಕೇ ಇಳಿದುಹೋಯಿತು. ಅಷ್ಟರಲ್ಲಿ ಡೈರೆಕ್ಟರಮ್ಮ ಗ್ಯಾಲರಿಯ ಕಡೆ ಬಗ್ಗಿ ಪಿ.ಟಿ. ಮೇಷ್ಟ್ರನ್ನು ಕೈಬೀಸಿ ಕರೆದರು. ಗಂಟಲಣ್ಣ ಎದ್ದು ಕುರ್ಚಿ ಬಿಟ್ಟುಕೊಟ್ಟು ಗೋಡೆಗೊರಗಿ ನಿಂತು, ಫೋನಿನಲ್ಲಿ ಯಾರಿಗೋ ಏನೋ ಬರೆಯತೊಡಗಿದರು.

ಆಗ ಚಿಕ್ಕಮ್ಮ ನನ್ನ ರಟ್ಟೆ ಹಿಡಿದಳು. ಉಗುರು ನಾಟುವಷ್ಟು ಬಿಗಿಯಾಗಿ!

"ಡಬ್ಬಿ! ಅವರ ಮನೇಲಿರೋ ಡಬ್ಬಿ! ಅದನ್ನ ನಾನು ಗುಡಿಸೇ ಇಲ್ಲ!"

ನಾವು ಮೆಟ್ಟಿಲಿಳಿದದ್ದು ಹೇಗೋ ನನಗೆ ನೆನಪಿಲ್ಲ. ಬರುವ ಜನರ ನಡುವೆ ಹೋಗುವವರು ನಾವಿಬ್ಬರೇ. "ಪಂದ್ಯ ಇರೋದು ಈ ಕಡೆ ಕಣಮ್ಮಾ!" ಎಂದು ಯಾರೋ ಗೇಲಿ ಮಾಡಿದರು. ಸ್ಕೂಟರ್ ಹೊರಗೆ ತೆಗೆಯಲು ಮುಂದಿದ್ದ ಸೈಕಲ್ಲುಗಳನ್ನೆಲ್ಲ ಚಿಕ್ಕಮ್ಮ ಎತ್ತಿ ಎತ್ತಿ ಪಕ್ಕಕ್ಕಿಟ್ಟಳು. ಮೈದಾನದ ಮುಂದಿನ ರಸ್ತೆ ಬಂದ್. ಹಿಂದಿನ ಗಲ್ಲಿಯಲ್ಲಿ ನುಗ್ಗಿದೆವು, ಒಣಗಲು ಹಾಕಿದ್ದ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿಕೊಂಡು. ಹಿಂದೆ ಕೂತ ಚಿಕ್ಕಮ್ಮ ದಾರಿಯುದ್ದಕ್ಕೂ ಒಂದೇ ಸಮನೆ ಒದರುತ್ತಿದ್ದಳು: "ಅತ್ತಿಗೆ ಅದನ್ನ ಗುಜರಿಗೆ ಹಾಕಿರದಿದ್ರೆ ಸಾಕು, ಹಾಕಿರದಿದ್ರೆ ಸಾಕು!"

"ನಿನ್ನ ಹಾಗೆ ಎಲ್ರೂ ಇರಲ್ಲ ಚಿಕ್ಕಮ್ಮ!" ಎಂದೆ. ಆಕೆ ನನ್ನ ಬೆನ್ನಿಗೆ ಒಂದು ಗುದ್ದಿದಳು.

ಗಂಟಲಣ್ಣನ ಮನೆ ಗಲ್ಲಿಯ ಕೊನೆಯಲ್ಲಿ, ಒಂದು ಬೀಗದ ಅಂಗಡಿಯ ಮೇಲೆ. ಅತ್ತಿಗೆ ಮನೆಯಲ್ಲೇ ಕಿಟಕಿಯ ಪರದೆ ಹೊಲಿದು ಕೊಡುತ್ತಾರೆ. ಬಾಗಿಲು ಬಡಿಯಲು ಕೈ ಎತ್ತಿದ್ದೆ, ಅಷ್ಟೇ. ಒಳಗೆ ಹೊಲಿಗೆ ಯಂತ್ರದ ಟಕಟಕ ನಿಂತಿತು. ಅದರ ಹಿಂದೆಯೇ, ಗೋಡೆ ನಡುಗುವಂತೆ, ಅದೇ ದನಿ!

"ದನಿ ಹೋಯ್ತು! ಇವತ್ತು ನಾನು ಮಾತಾಡಲ್ಲ! ರೇಡಿಯೋ ಹಾಕ್ಬೇಡ!"

ಗಿರಣಿ ತಂಡ ಗೋಲು ಹೊಡೆದ ಅಬ್ಬರದಲ್ಲಿ, ಗಂಟಲಣ್ಣನ ಸ್ವಂತ ಗಂಟಲು, ತಾನು ಹೋದೆನೆಂದು ತಾನೇ ಸಾರುತ್ತಿತ್ತು. ನಾನೂ ಚಿಕ್ಕಮ್ಮನೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಕಿರುಚಿದೆವು. ಕೆಳಗಿನಿಂದ ಬೀಗದ ಅಂಗಡಿಯವನು ಕಳ್ಳರು ಬಂದರೇನೋ ಎಂದು ಸುತ್ತಿಗೆ ಹಿಡಿದು ಮೇಲೆ ಬಂದ.

ಅತ್ತಿಗೆ ಬಾಗಿಲು ತೆರೆದರು. ನಮ್ಮನ್ನು ನೋಡಿ ಅವರ ಮುಖ ಕೆಂಪಾಯಿತು. ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಆ ಡಬ್ಬಿ ಇತ್ತು. ಮೇಲೊಂದು ಹೂವಿನ ಬಟ್ಟೆಯ ಮುಸುಕು, ಅಳತೆ ತೆಗೆದು ಹೊಲಿದದ್ದು.

"ಕೇಳಿಸ್ತಾ?" ಎಂದರು.

"ಊರಿಗೇ ಕೇಳಿಸ್ತು ಅತ್ತಿಗೆ!"

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಆಮೇಲೆ ನಗು ನಿಂತಿತು. "ಮದುವೆಯಾದಾಗಿಂದ ದಿನಾ ಸಾಯಂಕಾಲ ರೇಡಿಯೋ ಆಫೀಸಿಂದ ಫೋನ್ ಮಾಡ್ತಿದ್ರು. ಹೊರಟೆ, ಏನಾದ್ರೂ ತರ್ಬೇಕಾ ಅಂತ. ಏನೂ ಬೇಡ ಅಂತಾನೇ ನಾನು ಅಂತಿದ್ದಿದ್ದು. ಆದ್ರೂ ಮಾಡೋರು. ಆಪರೇಷನ್ ಆದ್ಮೇಲೆ ಅದನ್ನೇ ಮೆಸೇಜ್ ಕಳಿಸ್ತಾರೆ. ನನ್ನ ಎರಡೂ ಕೈ ಬಟ್ಟೇಲಿರುತ್ತಲ್ಲಾ, ನೋಡೋಕಾಗಲ್ಲ. ಮಗಳು ರಜಕ್ಕೆ ಬಂದಿದ್ದಾಗ, ಅಪ್ಪನ ಮೆಸೇಜ್ ಬಂದ್ರೆ ಈ ಡಬ್ಬಿ ಓದಿ ಹೇಳೋ ಹಾಗೆ ಮಾಡಿಕೊಟ್ಲು." ಅವರು ಮುಸುಕಿನ ಅಂಚನ್ನು ಸರಿಮಾಡಿದರು. "ಅವರಿಗೆ ಗೊತ್ತಿಲ್ಲ. ಹಳೇ ಗಂಟಲೇ ಬೇಕು ಅಂತ ನಾನು ಕೊರಗ್ತಾ ಇದ್ದೀನಿ ಅಂದ್ಕೊಂಡು ನೊಂದ್ಕೊಂಡ್ರೆ? ದಯವಿಟ್ಟು ಹೇಳ್ಬೇಡಿ ಅಕ್ಕಾ."

ಚಿಕ್ಕಮ್ಮ ಆಗಲೆಂದು ತಲೆಯಾಡಿಸಿ ಡಬ್ಬಿಯ ಮುಂದೆ ಕೂತಳು. ಅದರ ಪರದೆಯ ಮೇಲೆ ದಾರದ ಚೂರು, ಧೂಳು. ಆಕೆಯ ಕೈ ತಾನಾಗಿಯೇ ಒರೆಸಲು ಹೊರಟಿತು. "ಏನನ್ನೂ ಗುಡಿಸ್ಬೇಡ!" ಎಂದು ನಾನು ಕೈಗೊಂದು ಏಟು ಕೊಟ್ಟೆ. ಮ್ಯಾನೇಜರ್ರ ಉಗ್ರಾಣದಲ್ಲಿ ಪ್ಯಾಕೇಜ್ ಹಾಗೆಯೇ, ಬಂದ ದಿನದ ಹಾಗೆಯೇ, ಪೂರ್ತಿ ಇತ್ತು. ಪೆನ್‌ಡ್ರೈವಿಗೆ ಅದು ಇಳಿಯುತ್ತಿರುವಾಗ ಚಿಕ್ಕಮ್ಮ ತನ್ನ ಮಾಮೂಲಿ ಪ್ರಶ್ನೆ ಹಾಕಿದಳು. ಚಟ, ಇನ್ನೇನು. ಇದು ಯಾರಿಗೆ ಬೇಕು?

ಪರದೆಯ ಮೇಲೆ ಉತ್ತರ ಬಂತು. ಇಲ್ಲಿಯೂ ಮನೆಯ ಅಭ್ಯಾಸದ ಪ್ಯಾಕೇಜನ್ನು ಮಗಳು ತೆಗೆದುಹಾಕಿದ್ದಳು. ಹಾಗಾಗಿ ಅದೇ ಮಾತು: ಯಾರಿಗೂ ಬೇಡ.

ಚಿಕ್ಕಮ್ಮ ಪರದೆ ನೋಡಿದಳು. ತಲೆಯೆತ್ತಿ ಪಕ್ಕದಲ್ಲಿ ನಿಂತಿದ್ದ ಅತ್ತಿಗೆಯನ್ನು ನೋಡಿದಳು. ಅವರ ಕೊರಳಲ್ಲಿ ಅಳತೆ ಪಟ್ಟಿ ಇನ್ನೂ ನೇತಾಡುತ್ತಿತ್ತು. "ಈ ಮ್ಯಾನೇಜರ್ರು ಮನುಷ್ಯರನ್ನ ಕೇಳೋದೇ ಇಲ್ಲ ಕಣೇ, ಪ್ಯಾಕೇಜುಗಳನ್ನ ಮಾತ್ರ ಕೇಳ್ತಾರೆ," ಎಂದಳು. ಆಮೇಲೆ ಒಂದು ಸಾಲು ಟೈಪ್ ಮಾಡಿದಳು. ಇದು ಯಾರ ಬೆನ್ನು ಹಿಡಿದೂ ಬಂದದ್ದಲ್ಲ, ಬೇಕೆಂದೇ ಇಟ್ಟುಕೊಂಡದ್ದು, ಕೇಳದೆ ಮುಟ್ಟಕೂಡದು ಎಂದು ಮ್ಯಾನೇಜರ್ರಿಗೆ ಅದರ ಅರ್ಥ.

"ರೇಡಿಯೋ ಹಾಕಿ ಅತ್ತಿಗೆ!" ಎಂದು ಕೂಗಿ ಮೆಟ್ಟಿಲಿಳಿದೆವು.

ನಾವು ವಾಪಸ್ ಗೂಡು ಹತ್ತುವಷ್ಟರಲ್ಲಿ ಮೊದಲ ಅರ್ಧ ಮುಗಿದಿತ್ತು. ಹೊಳೆಯಾಚೆಯವರು ಒಂದು ಗೋಲು ಮುಂದಿದ್ದರು. ಪಿ.ಟಿ. ಮೇಷ್ಟ್ರು ಅದನ್ನು, "ಚೆಂಡು ಬಲೆಯೊಳಗೆ ಹೋಗಿದೆ, ಎಲ್ಲರೂ ಗಮನಿಸಬೇಕು," ಎಂದು ವಿವರಿಸಿದರಂತೆ. ಗಂಟಲಣ್ಣ ಗೋಡೆಗೊರಗಿ ಹಾಗೆಯೇ ನಿಂತಿದ್ದರು. ಚಿಕ್ಕಮ್ಮ ಪೆನ್‌ಡ್ರೈವ್ ಸಿಕ್ಕಿಸಿ ಪ್ಯಾಕೇಜ್ ಹಾಕಿದಳು. ಹಾಕಿದವಳು ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ಅವರ ಮುಂದೆ ಹಿಡಿದಳು.

ಅವರು ಒಂದೇ ಬೆರಳಿನಲ್ಲಿ, ಹೆದರಿ ಹೆದರಿ ಒತ್ತಿದರು.

"ಎಲ್ಲಿ ಸಿಕ್ತು!" ಎಂದಿತು ಅವರ ಗಂಟಲು. ಗ್ಯಾಲರಿಯ ಮೇಲಿನ ಸಾಲಿನವರೆಲ್ಲ ತಿರುಗಿ ನೋಡಿದರು!

ಚಿಕ್ಕಮ್ಮನಿಗೆ ಸುಳ್ಳು ಹೇಳಲು ಬರುವುದಿಲ್ಲ, ಗುಟ್ಟು ಬಿಟ್ಟುಕೊಡುವ ಹಾಗೂ ಇರಲಿಲ್ಲ. "ಬೇಕಾದವರ ಹತ್ರ ಇತ್ತು," ಎಂದಳು. ಗಂಟಲಣ್ಣ ಅವಳನ್ನೇ ದಿಟ್ಟಿಸಿದರು. ಅವರೇನು ದಡ್ಡರೇ? ಆ ದನಿ ಇನ್ನೆಲ್ಲಿ ಉಳಿದಿರಲು ಸಾಧ್ಯವೆಂದು ಅವರಿಗೆ ಗೊತ್ತಿರಲಿಲ್ಲವೇ? ಆದರೆ ಅಷ್ಟರಲ್ಲಿ ರೆಫರಿ ಸೀಟಿ ಊದಿದರು. ಪಿ.ಟಿ. ಮೇಷ್ಟ್ರು ತಾವಾಗಿಯೇ ಎದ್ದು, ಕುರ್ಚಿಯನ್ನು ಕರವಸ್ತ್ರದಿಂದ ಒರೆಸಿ, "ಬನ್ನಿ ಗಂಟಲಣ್ಣಾ, ನನಗೂ ಪಂದ್ಯ ನೋಡ್ಬೇಕು," ಎಂದರು. ಆ ಕ್ಷಣದಿಂದ ಅವರ ಮೇಲಿದ್ದ ನನ್ನ ಅಸಡ್ಡೆಯೆಲ್ಲ ಹೋಯಿತು.

ಆಮೇಲಿನದನ್ನು ನಾನು ಹೇಗೆ ಹೇಳಲಿ! ಅವರ ಹತ್ತೂ ಬೆರಳು ಕುಣಿದವು. ನನ್ನ ಮೀಟರಿನ ಮುಳ್ಳು ಕೆಂಪಿನಿಂದ ಕೆಳಗಿಳಿಯಲೇ ಇಲ್ಲ. "ಎಡಗಡೆಯಿಂದ ಕುಳ್ಳ ಬಂದ! ಒಬ್ಬನನ್ನು ದಾಟಿದ! ಇನ್ನೊಬ್ಬನ ಕಾಲಿನ ನಡುವೆ ತೂರಿಸಿದ! ಹೊಳೆಯಾಚೆಯವರು ಹೊಳೆಯಲ್ಲೇ ಬಿದ್ದರು ನೋಡಿ!" ಮೈದಾನದೊಳಗೆ ಫೋನಿನಲ್ಲಿ ರೇಡಿಯೋ ಹಾಕಿಕೊಂಡಿದ್ದವರು ಅಕ್ಕಪಕ್ಕದವರಿಗೂ ಕೇಳಲೆಂದು ಜೋರು ಮಾಡಿದರು. ಕಣ್ಣೆದುರೇ ಪಂದ್ಯ ನಡೆಯುತ್ತಿದ್ದರೂ ಜನ ಆ ದನಿಯಲ್ಲೇ ಪಂದ್ಯ ನೋಡುತ್ತಿದ್ದರು. ಕುಳ್ಳ ಸಮ ಮಾಡಿದ. ಆಟ ಮುಗಿಯುವ ಹೊತ್ತಿಗೆ ಮೂಲೆಯಿಂದ ಬಂದ ಚೆಂಡಿಗೆ ಅವನೇ ತಲೆ ಕೊಟ್ಟ, ಅಷ್ಟು ಉದ್ದನೆಯವರ ನಡುವೆ ಎಲ್ಲಿಂದ ಎದ್ದನೋ! ಗಂಟಲಣ್ಣ ಕೀಲಿಯ ಮೇಲೆ ಬೆರಳಿಟ್ಟವರು ತೆಗೆಯಲೇ ಇಲ್ಲ. "ಗೋ" ಎಂದು ಶುರುವಾದದ್ದು ಎಳೆದು ಎಳೆದು, ನಾನು ಕಿರುಚಿ, ಚಿಕ್ಕಮ್ಮ ನನ್ನ ಜಡೆ ಹಿಡಿದೆಳೆದು, ಡೈರೆಕ್ಟರಮ್ಮ ಮೇಷ್ಟ್ರನ್ನು ಅಪ್ಪಿಕೊಂಡು, ಆಮೇಲೆ ನಾಚಿಕೊಂಡು ಬಿಟ್ಟರೂ ಅದಿನ್ನೂ ಮುಗಿದಿರಲಿಲ್ಲ. ಊರಿನಲ್ಲಿ ಎಷ್ಟು ಮನೆಗಳಲ್ಲಿ ಹಾಲು ಉಕ್ಕಿತೋ ದೇವರೇ ಬಲ್ಲ.

ಕೊನೆಯ ಸೀಟಿಯಾಯಿತು. ಕಪ್ ನಮ್ಮದಾಯಿತು. ಗಂಟಲಣ್ಣ ಕೇಳುಗರಿಗೆ ವಂದನೆ ಹೇಳಿ ಮುಗಿಸಿದರು. ನಾನು ಮೈಕ್ ಮುಚ್ಚಲು ಕೈ ಚಾಚಿದೆ. ಅವರು ತಡೆ ಎಂದು ಸನ್ನೆ ಮಾಡಿದರು. ಚಿಕ್ಕಮ್ಮನನ್ನು ಒಮ್ಮೆ ನೋಡಿದರು. ಆಮೇಲೆ ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದರು.

"ಹೊರಟೆ! ಏನಾದ್ರೂ ತರ್ಬೇಕಾ!"

ಇಡೀ ಊರಿಗೆ ಕೇಳಿಸಿತು. ಏನೆಂದು ಊರಿಗೆ ಅರ್ಥವಾಗಲಿಲ್ಲ. ಚಿಕ್ಕಮ್ಮ ಲ್ಯಾಪ್‌ಟಾಪ್ ಒರೆಸುವ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡಳು.

ನನ್ನ ಮುಂದಿದ್ದ ಫೋನ್ ಹೊಡೆದುಕೊಂಡಿತು. ಕೇಳುಗರ ಕರೆಗಳು ಬರುವ ಫೋನು. ಯಾರನ್ನೂ ಕೇಳದೆ ಅದನ್ನು ಪ್ರಸಾರಕ್ಕೇ ಸೇರಿಸಿಬಿಟ್ಟೆ, ಡೈರೆಕ್ಟರಮ್ಮ ಬೈದರೆ ಬೈಯಲಿ.

"ಏನೂ ಬೇಡ," ಎಂದಿತು ಅತ್ತಿಗೆಯ ದನಿ. ಅಷ್ಟಕ್ಕೇ ನಿಂತಿತು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯುವಂತಿರಲಿಲ್ಲ. ಆಮೇಲೆ, "ಹಾಲು ತನ್ನಿ. ಇಲ್ಲಿ ಎಲ್ಲಾ ಉಕ್ಕಿ ಹೋಯ್ತು," ಎಂದರು.

ಗಂಟಲಣ್ಣ ಎದ್ದರು. ಲ್ಯಾಪ್‌ಟಾಪ್ ಮುಚ್ಚಿ ಬಗಲಿಗಿಟ್ಟುಕೊಂಡರು. ಪ್ರತಿ ಸಲ ಅದನ್ನು ನಿಲಯದಲ್ಲೇ ಬಿಟ್ಟು ಹೋಗುತ್ತಿದ್ದವರು.

"ಅದನ್ನ ಎಲ್ಲಿಗೆ?" ಎಂದು ಡೈರೆಕ್ಟರಮ್ಮ ಕೇಳಿದರು.

ಗಂಟಲಣ್ಣ ಗಲ್ಲಿಯ ಕಡೆಗೆ, ತಮ್ಮ ಮನೆಯ ಕಡೆಗೆ, ಬೆರಳು ತೋರಿಸಿದರು. ಚಿಕ್ಕಮ್ಮ ಚಾರ್ಜರನ್ನು ಸುತ್ತಿ ಅವರ ಕೈಗೆ ಕೊಟ್ಟಳು. ಅವರು ಹಾಲಿನ ಅಂಗಡಿ ಮುಚ್ಚುವ ಮೊದಲು ತಲುಪಲೆಂದು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತ ಹೋದರು.